ಒಂದನೇ ಹಗ್ಗ

ಕ್ರೇಗ್ ಕಾರಿನ ಗಾಜು ತಟ್ಟಿದ ಕೂಡಲೇ ಉಷಾರಾಣಿ ಕೈಯಲ್ಲಿದ್ದ ಚೀಟಿಯನ್ನು ಸರಕ್ಕನೆ ತೊಡೆಯ ಕೆಳಗೆ ತುರುಕಿಕೊಂಡಳು. ವಯಸ್ಸು ಐವತ್ತಮೂರು, ಡಲ್ಲಾಸ್ ಪಕ್ಕದ ಪ್ಲೇನೋದ ಆಫೀಸಿನಲ್ಲಿ ಮೂವತ್ತು ಜನರ ಮೇಲೆ ಯಜಮಾನಿಕೆ. ಆದರೂ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಗಾಜು ಇಳಿಸಿದಳು. ಮಾರ್ಚ್ ತಿಂಗಳ ಗಾಳಿ ಧೂಳಿನ ಸಮೇತ ಒಳಗೆ ನುಗ್ಗಿತು.

"ಅಪ್ಪ ಹಗ್ಗದ ಪಟ್ಟಿ ಬರೆದಿಟ್ಟಿದ್ದಾರಂತೆ. ಮಾಲ್ಕಮ್ ಕೇಳ್ತಾ ಇದ್ದಾನೆ," ಅಂದ ಕ್ರೇಗ್.

"ಹೌದು, ಇದೆ. ಆಮೇಲೆ ಕೊಡ್ತೀನಿ."

"ನೀನು ನೋಡಿದ್ಯಾ?"

"ಇನ್ನೂ ಇಲ್ಲ."

ಹಸಿ ಸುಳ್ಳು. ಬೆಳಿಗ್ಗೆ ಆರು ಗಂಟೆಗೆ ಮಾವನ ಡ್ರಾಯರಿನಲ್ಲಿ ಸಿಕ್ಕಾಗಿನಿಂದ ಅದನ್ನು ಹತ್ತು ಸಲವಾದರೂ ಓದಿದ್ದಳು. ಕ್ರೇಗ್ ತಲೆಯಾಡಿಸಿ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಕೋಟಿನ ಜೇಬಿಗೆ ಹಾಕಿಕೊಂಡು, ಸ್ಮಶಾನದ ಪ್ರಾರ್ಥನಾ ಮಂದಿರದ ಕಡೆಗೆ ನಡೆದ. ಹಿಂದಿನಿಂದ ನೋಡಿದರೆ ಥೇಟ್ ಅವನ ಅಪ್ಪನದೇ ನಡಿಗೆ. ಗದ್ದೆಯ ಬದುವಿನ ಮೇಲೆ ಹೋಗುವವರ ಹಾಗೆ ನೆಲ ನೋಡಿಕೊಂಡು ಹೋಗುವುದು.

ಆ ಅಪ್ಪ, ಡಂಕನ್ ಮ್ಯಾಕ್‌ರೇ, ಎಂಬತ್ತಾರು ವರ್ಷ ಬಾಳಿ ಈಗ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದರು. ಉಷಾಳಿಗೆ ಅವರು ಮಾವ. ಕಾನೂನಿನ ಪ್ರಕಾರ ಏನೂ ಅಲ್ಲ. ಕ್ರೇಗ್‌ಗೂ ಅವಳಿಗೂ ಡಿವೋರ್ಸ್ ಆಗಿ ಹನ್ನೆರಡು ವರ್ಷ. ಗಂಡ ಬಿಟ್ಟು ಹೋದ, ಮಾವ ಉಳಿದರು. ಜನ ಏನು ಬೇಕಾದರೂ ಅಂದುಕೊಳ್ಳಲಿ, ನಡೆದದ್ದು ಇಷ್ಟೇ. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆ ಮೂರು ಬೆಡ್‌ರೂಮಿನ ಮನೆಯಲ್ಲಿ, ಹಿತ್ತಲ ಕಡೆಯ ಕೋಣೆಯಲ್ಲಿ ಹನ್ನೆರಡು ವರ್ಷ ಉಳಿದರು.

ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಪೆಟ್ಟಿಗೆಯನ್ನು ಮಣ್ಣಿಗೆ ಇಳಿಸುವಾಗ ಮೆಷಿನ್ ಮುಟ್ಟಿಸುವ ಹಾಗಿಲ್ಲ. ಎಂಟು ಹಗ್ಗ, ಎಂಟು ಜನ. ಒಂದೊಂದು ಹಗ್ಗಕ್ಕೂ ಒಂದೊಂದು ನಂಬರು. ಯಾವುದನ್ನು ಯಾರು ಹಿಡಿಯಬೇಕೆಂದು ಸಾಯುವವರು ಬದುಕಿದ್ದಾಗಲೇ ಬರೆದಿಡುತ್ತಾರೆ. ತಲೆಯ ಹತ್ತಿರದ್ದು ಒಂದನೇ ಹಗ್ಗ. ಅದು ಹಿರಿಯ ಮಗನಿಗೆ, ಮಗನಿಲ್ಲದಿದ್ದರೆ ತೀರಾ ಹತ್ತಿರದವರಿಗೆ.

ಉಷಾ ತೊಡೆಯ ಕೆಳಗಿಂದ ಚೀಟಿ ತೆಗೆದು ಹನ್ನೊಂದನೇ ಸಲ ಓದಿದಳು. ಒಂದು, ಉಷಾರಾಣಿ. ಎರಡು, ಮೊಮ್ಮಗಳು ಸಿಯಾ. ಮೂರು, ಸೋದರಳಿಯ ಮಾಲ್ಕಮ್. ಹೀಗೇ ಇಳಿದು ಇಳಿದು ಎಂಟಕ್ಕೆ ಬಂದರೆ ತಿಂಗಳಿಗೊಮ್ಮೆ ತಲೆಗೂದಲು ಕತ್ತರಿಸುತ್ತಿದ್ದ ಹೆಕ್ಟರ್. ಕ್ಷೌರದವನಿಗೂ ಜಾಗ ಇತ್ತು. ಹೊಟ್ಟೆಯಲ್ಲಿ ಹುಟ್ಟಿದ ಒಬ್ಬನೇ ಮಗನ ಹೆಸರು ಎಲ್ಲೂ ಇರಲಿಲ್ಲ.

*

ಉಷಾ ಈ ಹಗ್ಗಗಳನ್ನು ಮೊದಲು ನೋಡಿದ್ದು ಅತ್ತೆ ಮಾರ್ಗರೆಟ್ ತೀರಿಕೊಂಡಾಗ, ಇದೇ ಸ್ಮಶಾನದಲ್ಲಿ, ಹದಿನಾಲ್ಕು ವರ್ಷದ ಹಿಂದೆ. ಅತ್ತೆ ಮಾವ ಅಷ್ಟರಲ್ಲಿ ಅಯೋವಾದ ಹೊಲ ಬಿಟ್ಟು ಮಗನ ಮನೆ ಸೇರಿದ್ದರು. ಎಂಟೂ ಜನ ಗಂಡಸರು. ಹೆಂಗಸರೆಲ್ಲ ಶಾಮಿಯಾನದ ಕೆಳಗೆ ಕುರ್ಚಿಯ ಮೇಲೆ. ಆಹಾ, ಇಲ್ಲೂ ಅದೇ ಕತೆಯೇ ಅಂದುಕೊಂಡಿದ್ದಳು ಅವಳು.

ಆಮೇಲೆ ಒಂದು ಭಾನುವಾರ ಮಾವ ಬಿಸ್ಕತ್ತಿನ ತಗಡಿನ ಡಬ್ಬಿ ತಂದು ಅಡುಗೆಮನೆಯ ಮೇಜಿನ ಮೇಲೆ ಸುರಿದಿದ್ದರು. ಅದರಲ್ಲಿ ಇದ್ದದ್ದೆಲ್ಲ ಇಂಥವೇ ಚೀಟಿಗಳು. ಎಲ್ಲಕ್ಕಿಂತ ಹಳೆಯದು ಅವರ ಮುತ್ತಜ್ಜನದು. ಆತ ಸ್ಕಾಟ್ಲೆಂಡಿನಲ್ಲಿ ಬೇರೆಯವರ ಹೊಲದಲ್ಲಿ ಕಲ್ಲು ಆರಿಸುತ್ತಿದ್ದವನು. ಸಾವಿರದ ಎಂಟುನೂರ ಅರವತ್ತೊಂಬತ್ತರಲ್ಲಿ ಹಡಗು ಹತ್ತಿ, ರೈಲು ಹತ್ತಿ, ಕೊನೆಗೆ ನಡೆದುಕೊಂಡೇ ಅಯೋವಾ ಸೇರಿ, ಆಳೆತ್ತರದ ಹುಲ್ಲು ಕಡಿದು ಓಟ್ಸ್ ಬಿತ್ತಿದ್ದನಂತೆ. ಮೊದಲ ಎರಡು ಚಳಿಗಾಲ ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಸಂಸಾರ. ಇಬ್ಬರು ಮಕ್ಕಳು ಆ ಗುಂಡಿಯಲ್ಲೇ ಹೋದರು.

"ಅವರಿಗೂ ಹಗ್ಗ ಇತ್ತಾ ಮಾವ?" ಅಂತ ಕೇಳಿದ್ದಳು ಉಷಾ.

"ಮಕ್ಕಳಿಗೆ ಎಂಟು ಬೇಡ. ಎರಡು ಸಾಕು," ಅಂದಿದ್ದರು ಮಾವ. "ಅಪ್ಪ ಒಂದು, ಅಮ್ಮ ಒಂದು. ಆ ಒಂದು ಸಲ ಹೆಂಗಸು ಹಿಡಿದದ್ದು. ಗಂಡಸರು ಯಾರೂ ಸಿಗಲಿಲ್ಲ, ಅದಕ್ಕೆ."

ಈ ಮ್ಯಾಕ್‌ರೇಗಳ ಬಾಯಿಂದ ಮಾತು ಹೊರಡಿಸುವುದು ಅಂದರೆ ಒಣಗಿದ ಬೋರಿನಿಂದ ನೀರೆತ್ತಿದ ಹಾಗೆ. ಹವಾಮಾನ, ಜೋಳದ ತೆನೆ, ಟ್ರ್ಯಾಕ್ಟರಿನ ಬೆಲ್ಟು, ಇಷ್ಟರಲ್ಲಿ ಮುಗಿಯಿತು. ಪ್ರೀತಿ ಇದೆ, ಕೋಪ ಇದೆ ಅಂತ ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳುವುದಿದ್ದದ್ದನ್ನೆಲ್ಲ ಸತ್ತಮೇಲೆ ಆ ಎಂಟು ನಂಬರುಗಳಲ್ಲಿ ಹೇಳುತ್ತಿದ್ದರು. ಸಮಾಧಿಯ ಸುತ್ತ ನಿಂತ ಊರಿಗೆ ಊರೇ ಅದನ್ನು ಓದಿಕೊಳ್ಳುತ್ತಿತ್ತು.

*

ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ಪಕ್ಕದ ಮನೆಯ ಚಂದ್ರಮೋಹನರು ಟೈ ಸರಿಮಾಡಿಕೊಳ್ಳುತ್ತಿದ್ದರು. ಮಗನ ಟೈ, ಹೊಟ್ಟೆಯ ಅರ್ಧಕ್ಕೇ ನಿಂತಿತ್ತು. ಹೆಂಡತಿ ಲೀಲಾವತಿ ಕೈಯಲ್ಲಿ ಚಿತ್ರಾನ್ನದ ದೊಡ್ಡ ಡಬ್ಬಿ ಹಿಡಿದುಕೊಂಡೇ ನಿಂತಿದ್ದರು.

"ಅಲ್ಲಾ ಕಣಮ್ಮ ಉಷಾ," ಅಂದರು ಚಂದ್ರಮೋಹನರು, "ಚಂದ್ರನ ಮೇಲೆ ಹೋಗಿಬಂದ ದೇಶ ಇದು. ಇಲ್ಲಿ ಪೆಟ್ಟಿಗೆನ ಕೈಯಲ್ಲಿ ಇಳಿಸ್ತಾರಾ? ನನ್ನ ಸೊಂಟದ ಕತೆ ನಿಂಗೆ ಗೊತ್ತೇ ಇದೆ."

"ಸುಮ್ನಿರಿ ಸಾಕು," ಅಂದರು ಲೀಲಾವತಿ. "ನಿಮ್ಮ ಹೆಸರು ಬರೆದಿದ್ರೆ ಹಿಡೀಲೇಬೇಕು. ದಿನಾ ಸಾಯಂಕಾಲ ಅವರ ಹಿತ್ತಲಲ್ಲಿ ಕೂತು ಅಷ್ಟು ಕಾಫಿ ಕುಡಿದಿಲ್ವಾ?"

"ಬರೆದಿದಾರೆ ಅಂಕಲ್," ಅಂದುಬಿಟ್ಟಳು ಉಷಾ. "ಐದನೆಯದು ನಿಮಗೆ."

ಚಂದ್ರಮೋಹನರು ಟೈ ಮೇಲಿಂದ ಕೈ ತೆಗೆದರು. "ನನಗಾ?" ಅಂದರು. ಕನ್ನಡಕ ತೆಗೆದು ಒರೆಸಿದರು. "ನಾನೇನಮ್ಮ ಮಾಡಿದೆ ಅವರಿಗೆ? ಒಂದಿಷ್ಟು ಮೆಂತ್ಯದ ಬೀಜ ಕೊಟ್ಟೆ, ಅಷ್ಟೇ." ಮತ್ತೆ ಸೊಂಟದ ಸುದ್ದಿ ಎತ್ತಲಿಲ್ಲ.

ಹಿಂದೆ ನಿಂತಿದ್ದ ಸಿಯಾ ಅಮ್ಮನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು. ಇಪ್ಪತ್ತು ವರ್ಷ, ಆಸ್ಟಿನ್‌ನಲ್ಲಿ ಓದುತ್ತಿದ್ದಾಳೆ. ಸುದ್ದಿ ತಿಳಿದದ್ದೇ ಮೂರು ಗಂಟೆ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದವಳು, ಎರಡು ದಿನದಿಂದ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಂದ್ರೆ ನೀನು ಓದಿದ್ದೀಯ," ಅಂದಳು. "ಡ್ಯಾಡ್ ಹೆಸರು ಇದ್ಯಾ?"

ಉಷಾ ಮಗಳ ಕಾಲರ್ ಸರಿಮಾಡತೊಡಗಿದಳು.

"ಇಲ್ಲ. ಅಲ್ವಾ? ನಂಗೊತ್ತಿತ್ತು. ಮತ್ತೆ ಒಂದನೇದು ಯಾರಿಗೆ?"

"ನಂಗೆ ಕಣೇ."

ಸಿಯಾ ಅಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು. "ಸರಿಯಾಗಿದೆ. ತಾತನ ಉಗುರು ಕತ್ತರಿಸಿದ್ದು ನೀನು, ಸ್ನಾನ ಮಾಡಿಸಿದ್ದು ನೀನು. ಡ್ಯಾಡ್ ಕ್ರಿಸ್‌ಮಸ್‌ಗೆ ಬಂದು ಒಂದು ಸ್ವೆಟರ್ ಕೊಟ್ಟು ಹೋಗ್ತಿದ್ದ. ಇವತ್ತು ಎಲ್ಲರ ಮುಂದೆ ನಿಂತು ನೋಡಲಿ."

ಅಷ್ಟರಲ್ಲಿ ಮಾಲ್ಕಮ್ ಬಂದ. ಡಂಕನ್ನರ ತಂಗಿಯ ಮಗ; ಅಯೋವಾದ ಹೊಲವನ್ನು ಈಗ ಅವನೇ ನೋಡಿಕೊಳ್ಳುವುದು. ಹೆಂಡತಿ, ಮಗನನ್ನು ಕರೆದುಕೊಂಡು ಹನ್ನೆರಡು ಗಂಟೆ ಗಾಡಿ ಓಡಿಸಿ ಬಂದಿದ್ದ. ತೋಳಿನ ಮೇಲೆ ಎಂಟು ಕಪ್ಪು ಹಗ್ಗಗಳನ್ನು ನೀಟಾಗಿ ಸುತ್ತಿಕೊಂಡಿದ್ದ.

"ಸ್ಮಶಾನದ ಆಫೀಸಿನವರು ಕೈಯಲ್ಲಿ ಇಳಿಸೋಕೆ ಒಪ್ಪಿದ್ದಾರೆ," ಅಂದ. "ಒಂದನೇದು ಕ್ರೇಗ್‌ಗೆ ತಾನೆ? ಅವನಿಗೆ ಹಗ್ಗ ಹೇಗೆ ಹಿಡೀಬೇಕು ಅಂತ ತೋರಿಸಬೇಕು. ಮರೆತಿರ್ತಾನೆ."

"ಅಲ್ಲೇ ನಾನೇ ಓದಿ ಹೇಳ್ತೀನಿ," ಅಂದಳು ಉಷಾ. "ಚೀಟಿ ನನ್ನ ಹತ್ರಾನೇ ಇದೆ."

*

ಕ್ರೇಗ್ ಮನೆ ಬಿಟ್ಟದ್ದು ಒಂದು ಮಾರ್ಚ್ ತಿಂಗಳಲ್ಲೇ. ಹ್ಯೂಸ್ಟನ್ ಹತ್ತಿರದ ದ ವುಡ್‌ಲ್ಯಾಂಡ್ಸ್‌ನಲ್ಲಿ ಎಣ್ಣೆ ಕಂಪನಿಯ ಕೆಲಸ, ಅಲ್ಲೇ ಇನ್ನೊಬ್ಬಳು. ಸಿಯಾಗೆ ಆಗ ಎಂಟು ವರ್ಷ. ಕೊನೆಯ ಸಾಮಾನು ಸಾಗಿಸುವ ದಿನ ಟ್ರಕ್ ತಂದು ನಿಲ್ಲಿಸಿ, "ಅಪ್ಪ, ನಿಮ್ಮ ಕೋಣೆಯದೂ ಹಾಕಿಬಿಡೋಣ. ಅಲ್ಲಿ ನಿಮಗೂ ಕೋಣೆ ಇದೆ," ಅಂದಿದ್ದ.

ಮಾವ ಹಿತ್ತಲಲ್ಲಿ ಕೈಗೆಲ್ಲ ಮಣ್ಣು ಮಾಡಿಕೊಂಡು ಕೂತಿದ್ದರು. ತಲೆ ಎತ್ತಲಿಲ್ಲ. "ಟೊಮ್ಯಾಟೊ ನೆಟ್ಟಿದ್ದೀನಿ," ಅಂದರು.

ಅಷ್ಟೇ. ಟ್ರಕ್ ಹೋಯಿತು. ಉಷಾ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಮಾವ ಒಳಗೆ ಬಂದು, ಕೈ ತೊಳೆದುಕೊಂಡು, ಸಂಜೆ ಮಳೆ ಬರಬಹುದು ಅಂದರು. ಆಮೇಲಿನ ಹನ್ನೆರಡು ವರ್ಷ ಮಗನ ಜೊತೆ ಅವರು ಆಡಿದ್ದು ಹವಾಮಾನದ ಮಾತು ಮಾತ್ರ. ಫೋನಿನಲ್ಲಿ ಹ್ಯೂಸ್ಟನ್ನಿನ ಮಳೆ ಕೇಳುವರು, ಡಲ್ಲಾಸಿನ ಬಿಸಿಲು ಹೇಳುವರು, ಇಟ್ಟುಬಿಡುವರು.

ಏಳು ವರ್ಷದ ಹಿಂದೆ ಮೈಸೂರಿನಲ್ಲಿ ಉಷಾಳ ತಂದೆ ತೀರಿಕೊಂಡರು. ಒಬ್ಬಳೇ ಮಗಳು. ಎರಡು ವಿಮಾನ ಬದಲಿಸಿ, ಒಂದು ಕಾರು ಹತ್ತಿ, ಮೂವತ್ತು ಗಂಟೆ ನಿದ್ದೆಗೆಟ್ಟು ಹೋದಳು. ಅಪ್ಪನನ್ನು ಎತ್ತುವ ಹೊತ್ತಿಗೆ ತಾನೂ ಹೊರಟಳು. ಚಿಕ್ಕಪ್ಪ ಬಾಗಿಲಿಗೆ ಕೈ ಅಡ್ಡ ಇಟ್ಟರು. "ಹೆಂಗಸರು ಇಲ್ಲಿಗೇ ನಿಲ್ಲಬೇಕಮ್ಮ. ಪ್ರಹ್ಲಾದ್ ಇದಾನಲ್ಲ, ಎಲ್ಲ ಮಾಡ್ತಾನೆ." ಚಿಕ್ಕಪ್ಪನ ಮಗ ಪ್ರಹ್ಲಾದ್ ಮಡಕೆ ಹಿಡಿದು ಮುಂದೆ ಹೋದ. ಅವಳ ಕೈಗೆ ಯಾರೋ ಪೊರಕೆ ಕೊಟ್ಟರು. ಶವ ಹೋದ ಮೇಲೆ ಮನೆ ತೊಳೆಯಬೇಕಲ್ಲ! ಅಪ್ಪ ಮಲಗಿದ್ದ ಜಾಗವನ್ನು ಅವಳು ಬಕೆಟ್ಟು ನೀರು ಹಾಕಿ ತೊಳೆದಳು.

ವಾಪಸು ಬಂದು ಇದನ್ನೆಲ್ಲ ಮಾವನಿಗೆ ಹೇಳಿದಳು. ಅವರು ಬೀನ್ಸ್ ನಾರು ಬಿಡಿಸುತ್ತಿದ್ದರು. "ಹ್ಞೂಂ," ಅಂದರು. ಎರಡು ದಿನ ಬಿಟ್ಟು, "ನಿನ್ನ ಹೆಸರನ್ನು ಪೂರ್ತಿಯಾಗಿ ಹೇಗೆ ಬರೀತಾರೆ?" ಅಂತ ಕೇಳಿದರು. ಇನ್ಶೂರೆನ್ಸ್ ಫಾರ್ಮಿಗೋ ಏನೋ ಅಂದುಕೊಂಡು ಅವಳು ಅಕ್ಷರ ಬಿಡಿಸಿ ಹೇಳಿದ್ದಳು. ಇವತ್ತು ಬೆಳಿಗ್ಗೆ ಡ್ರಾಯರಿನ ಮುಂದೆ ನಿಂತಾಗ ಅದು ಯಾವ ಫಾರ್ಮಿಗೆ ಅಂತ ಗೊತ್ತಾಯಿತು. ಗೊತ್ತಾದದ್ದೇ ಮಾವನ ಮಂಚದ ಮೇಲೆ ಕೂತುಬಿಟ್ಟಿದ್ದಳು. ನೂರೈವತ್ತು ವರ್ಷದ ಪದ್ಧತಿ ಮುರಿದು ಆ ಮುದುಕ ಅವಳನ್ನು ಬಾಗಿಲ ಒಳಗಿನಿಂದ ಹೊರಗೆ ಕರೆದಿದ್ದರು. ಅವಳಿಗೆ ಅದು ಬೇಕಿತ್ತು, ಬಹಳ ಬೇಕಿತ್ತು.

ಆದರೆ ಈ ಜನವರಿಯ ಒಂದು ಮಾತು ತಲೆಯಿಂದ ಹೋಗುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಎಲ್‌ಬಿಜೆ ಫ್ರೀವೇಯಲ್ಲಿ ಆಕ್ಸಿಡೆಂಟ್ ಆಗಿ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ಮುಂದಿನ ಲಾರಿ ನೋಡಿಕೊಂಡು ಮಾವ ಇದ್ದಕ್ಕಿದ್ದ ಹಾಗೆ ತಮ್ಮ ಅಣ್ಣ ಆಲೆಕ್‌ನ ವಿಷಯ ತೆಗೆದರು. ಹನ್ನೆರಡು ವರ್ಷದಲ್ಲಿ ಆ ಹೆಸರು ಅವಳ ಕಿವಿಗೆ ಬಿದ್ದದ್ದೇ ಮೊದಲು.

"ಆಲೆಕ್ ತನ್ನ ಪಾಲಿನ ಹೊಲ ಹೊರಗಿನವರಿಗೆ ಕೊಟ್ಟು ಹ್ಯೂಸ್ಟನ್‌ಗೆ ಎಣ್ಣೆ ಬಾವಿ ಕೆಲಸಕ್ಕೆ ಹೊರಟುಹೋದ. ನಮ್ಮಪ್ಪ ಒಂದು ಮಾತೂ ಅನ್ನಲಿಲ್ಲ. ಐವತ್ತೇಳನೇ ಇಸವಿಯಲ್ಲಿ ಅಪ್ಪ ಸತ್ತರು. ಆಲೆಕ್ ಬಂದ, ಹೊಸ ಹ್ಯಾಟು ಹಾಕ್ಕೊಂಡು. ಪಟ್ಟಿ ಓದಿದರು. ಒಂದನೇದು ನಂಗೆ. ಎಂಟರವರೆಗೂ ಓದಿದರು, ಅವನ ಹೆಸರೇ ಇಲ್ಲ. ಹ್ಯಾಟು ಕೈಯಲ್ಲಿ ಹಿಡಿದು ನಿಂತೇ ಇದ್ದ. ಮಧ್ಯಾಹ್ನದ ಬಸ್ಸಿಗೆ ಹೋದ."

"ಆಮೇಲೆ?"

"ಆಮೇಲೆ ಇಲ್ಲ. ಹ್ಯೂಸ್ಟನ್‌ನಲ್ಲಿ ಸತ್ತಾಗ ಯಾರೋ ಪೇಪರಿನ ತುಂಡು ಕಳಿಸಿದರು." ಲಾರಿ ಸ್ವಲ್ಪ ಮುಂದೆ ಹೋಯಿತು. "ನಂಗೆ ಆಗ ಹತ್ತೊಂಬತ್ತು ವರ್ಷ ಉಷಾ. ಹಗ್ಗ ಕೈಗೆ ಬಂದಾಗ ಹೆಮ್ಮೆ ಆಯಿತು. ಅಣ್ಣನ ಮುಖ ನೋಡಿಯೂ ಹೆಮ್ಮೆಯೇ ಆಯಿತು. ಅದೊಂದು ನನ್ನ ಗಂಟಲಲ್ಲೇ ಉಳಿದುಹೋಗಿದೆ."

ಹಾಗಂದವರೇ ತಮ್ಮ ಚೀಟಿಯಲ್ಲಿ ಅಪ್ಪ ಮಾಡಿದ್ದನ್ನೇ ಮಾಡಿಟ್ಟಿದ್ದರು. ಬರೆದದ್ದು ಏಳು ವರ್ಷದ ಹಿಂದೆ. ಮತ್ತೆ ತಿದ್ದಬೇಕೆಂದಿದ್ದರೋ, ಜನವರಿಯಲ್ಲಿ ಅದನ್ನೇ ಹೇಳಲು ಹೊರಟಿದ್ದರೋ, ದೇವರಿಗೇ ಗೊತ್ತು. ಅವಳು ಆಗ ಬಾಯಿಬಿಟ್ಟು ಕೇಳಲಿಲ್ಲ. ಆ ಮನೆಯಲ್ಲಿದ್ದು ಇದ್ದು ಅವಳೂ ಮ್ಯಾಕ್‌ರೇ ಆಗಿಬಿಟ್ಟಿದ್ದಳು.

*

ಪ್ರಾರ್ಥನೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಪಾದ್ರಿ ಡಂಕನ್ನರನ್ನು ಪ್ರಾಮಾಣಿಕ ರೈತ ಅಂದರು, ಒಳ್ಳೆಯ ನೆರೆಯವ ಅಂದರು. ಪೆಟ್ಟಿಗೆಯ ಹಿಂದೆ ಜನ ಹುಲ್ಲಿನ ಮೇಲೆ ನಡೆದರು. ಉಷಾ ಹಿಂದೆ ಉಳಿದಿದ್ದಳು. ಓಕ್ ಮರದ ಹತ್ತಿರ ಕ್ರೇಗ್ ಅವಳಿಗಾಗಿ ಕಾಯುತ್ತಿದ್ದ.

"ಉಷಾ, ಒಂದು ನಿಮಿಷ." ಅವನ ದನಿ ಒಡೆದಿತ್ತು. "ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಅಂದ್ರೆ ಈಗ್ಲೇ ಹೇಳಿಬಿಡು. ನಾನು ಹೋಗಿ ಕಾರಲ್ಲಿ ಕೂತ್ಕೋತೀನಿ. ಮಾಲ್ಕಮ್ ಮುಂದೆ, ಅವನ ಮಗನ ಮುಂದೆ ಬೇಡ. ಸಿಯಾ ಮುಂದಂತೂ ಬೇಡ."

ಉಷಾ ಅವನನ್ನು ನೋಡಿದಳು. ಈ ಗಳಿಗೆಗೆ ಅವಳು ಎಷ್ಟು ರಾತ್ರಿ ಕಾದಿದ್ದಳು! ಇವನು ತಲೆ ತಗ್ಗಿಸಿ ನಿಲ್ಲಬೇಕು, ತಾನು ಇಲ್ಲ ಅನ್ನಬೇಕು. ಈಗ ಇವನು ನಿಂತಿದ್ದ. ನೆತ್ತಿಯ ಕೂದಲು ಉದುರಿತ್ತು, ಷೂವಿನ ಲೇಸು ಬಿಚ್ಚಿತ್ತು. ತನ್ನನ್ನು ಬಿಟ್ಟು ಹೋದವನ ಮೇಲಿನ ಸಿಟ್ಟು ಹೊಟ್ಟೆಯಲ್ಲಿ ಹಾಗೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಆದರೆ ಬಾಗಿಲಿಗೆ ಅಡ್ಡ ಇಟ್ಟ ಚಿಕ್ಕಪ್ಪನ ಕೈ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಆ ಕೈ ಈಗ ತನ್ನದಾಗುವುದಿತ್ತು.

"ಲೇಸು ಕಟ್ಕೋ," ಅಂದಳು. "ಬಾ."

ಗುಂಡಿಯ ಸುತ್ತ ಎಲ್ಲರೂ ನಿಂತಿದ್ದರು. ಮಾಲ್ಕಮ್ ಹಗ್ಗಗಳನ್ನು ಪೆಟ್ಟಿಗೆಯ ಹಿಡಿಗಳಿಗೆ ಕಟ್ಟಿ, ತುದಿಗಳನ್ನು ಹುಲ್ಲಿನ ಮೇಲೆ ಹಾಸಿದ್ದ. ಉಷಾ ಚೀಟಿ ಬಿಡಿಸಿದಳು. ಗಾಳಿಗೆ ಅದು ಪಟಪಟ ಬಡಿದುಕೊಂಡಿತು. ಸಿಯಾ ಅಮ್ಮನನ್ನೇ ನೋಡುತ್ತಿದ್ದಳು, ಹೆಮ್ಮೆಯಿಂದ. ಚಂದ್ರಮೋಹನರು ಕೋಟಿನ ಗುಂಡಿ ಬಿಚ್ಚಿ ತೋಳು ಸಡಿಲ ಮಾಡಿಕೊಳ್ಳುತ್ತಿದ್ದರು.

"ಒಂದು," ಅಂದಳು ಉಷಾ. ಎದುರಿಗೆ ಮಾವನ ಓರೆ ಅಕ್ಷರದಲ್ಲಿ ತನ್ನ ಹೆಸರು, ಒಂದಕ್ಷರವೂ ತಪ್ಪಿಲ್ಲದೆ, ಪೂರ್ತಿಯಾಗಿ. ಅದನ್ನು ನೋಡಿಕೊಂಡೇ, "ಕ್ರೇಗ್," ಅಂದಳು.

ಸಿಯಾಳ ಬಾಯಿ ತೆರೆಯಿತು. ಉಷಾ ಅವಳ ಕಡೆ ಒಂದೇ ಒಂದು ನೋಟ ನೋಡಿದಳು. ಚಿಕ್ಕವಳಿದ್ದಾಗ ಬಂದವರ ಮುಂದೆ ಹಠ ಮಾಡಿದರೆ ನೋಡುತ್ತಿದ್ದ ನೋಟ. ಸಿಯಾ ಬಾಯಿ ಮುಚ್ಚಿದಳು.

"ಎರಡು, ಸಿಯಾ. ಮೂರು, ಮಾಲ್ಕಮ್." ಮಿಕ್ಕದ್ದನ್ನು ಇದ್ದ ಹಾಗೆಯೇ ಓದಿದಳು. ಎಂಟಕ್ಕೆ ಹೆಕ್ಟರ್ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಬಂದ.

"ಮೊಮ್ಮಗಳಿಗೆ ಎರಡನೇದಾ!" ಅಂದ ಮಾಲ್ಕಮ್, ಸ್ವಲ್ಪ ಹುಬ್ಬೇರಿಸಿ. ಆಮೇಲೆ ಕ್ರೇಗ್‌ನ ಬೆನ್ನು ತಟ್ಟಿದ. "ಒಂದನೇದು ಮಗನಿಗೆ. ಮಾಮ ಸರಿಯಾಗೇ ಬರೆದಿದ್ದಾರೆ."

ಕ್ರೇಗ್ ಉಷಾಳ ಹತ್ತಿರ ಬಂದು, "ನಿಜವಾಗ್ಲೂ ಅಪ್ಪನೇ ಬರೆದಿದ್ದಾ?" ಅಂದ.

"ನಿಜವಾಗ್ಲೂ."

ಐವತ್ತಾರು ವರ್ಷದ ಗಂಡಸು ಮುಖ ಮುಚ್ಚಿಕೊಂಡು ಹೋ ಎಂದು ಅತ್ತುಬಿಟ್ಟ. ಮ್ಯಾಕ್‌ರೇಗಳಲ್ಲಿ ಹಾಗೆ ಅಳುವುದನ್ನು ಯಾರೂ ನೋಡಿರಲಿಲ್ಲ. ಮಾಲ್ಕಮ್‌ನ ಮಗ ಗಾಬರಿಯಾಗಿ ನೆಲ ನೋಡಿದ. ಉಷಾ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಒಬ್ಬ ಕೆಲಸದವನು ಶಾಮಿಯಾನದ ಕೆಳಗಿನ ಕುರ್ಚಿ ತೋರಿಸಿ, ಕೂತುಕೊಳ್ಳಿ ಮೇಡಂ ಅಂದ. ಲೀಲಾವತಿ ಆಗಲೇ ಅಲ್ಲಿ ಕೂತಿದ್ದರು. ಉಷಾ ಬೇಡ ಅಂದಳು. ಗುಂಡಿಯಿಂದ ಮೂರು ಹೆಜ್ಜೆ ಹಿಂದೆ ನಿಂತಳು.

"ನಿಧಾನಕ್ಕೆ," ಅಂದ ಮಾಲ್ಕಮ್. ಅಡ್ಡ ಇಟ್ಟಿದ್ದ ಹಲಗೆಗಳನ್ನು ತೆಗೆದರು. ಭಾರ ಎಂಟು ಜನರ ಕೈಗೆ ಬಂತು. ಚಂದ್ರಮೋಹನರು ತುಟಿ ಕಚ್ಚಿದರು. ಕ್ರೇಗ್ ತಲೆಯ ಕಡೆ ನಿಂತು, ಅಳುತ್ತಲೇ, ಮೊಳ ಮೊಳವಾಗಿ ಹಗ್ಗ ಬಿಟ್ಟ. ಅಪ್ಪನ ಹಾಗೇ ಕಾಲು ಅಗಲಿಸಿ ನಿಂತಿದ್ದ. ಚೆನ್ನಾಗಿ ಇಳಿಸುತ್ತಿದ್ದ, ಏನೂ ಮರೆತಿರಲಿಲ್ಲ. ಪೆಟ್ಟಿಗೆ ಅಂಚಿಗಿಂತ ಕೆಳಗೆ ಹೋಯಿತು, ನೆರಳಿಗೆ ಹೋಯಿತು.

ಸಿಯಾ ಮಾತ್ರ ಗುಂಡಿಯನ್ನು ನೋಡುತ್ತಿರಲಿಲ್ಲ. ಕೈ ಹಗ್ಗ ಬಿಡುತ್ತಿತ್ತು, ಕಣ್ಣು ಅಮ್ಮನ ಸೊಂಟದ ಹತ್ತಿರ ಎಲ್ಲೋ ನೆಟ್ಟಿತ್ತು. ಕಣ್ಣಿಂದ ಬಳಬಳ ನೀರು ಸುರಿಯುತ್ತಿತ್ತು; ಒರೆಸಿಕೊಳ್ಳಲು ಎರಡೂ ಕೈಗೆ ಬಿಡುವಿರಲಿಲ್ಲ. ಏನು ನೋಡುತ್ತಿದ್ದಾಳೆ ಇವಳು ಎಂದು ಉಷಾ ತಲೆ ಬಗ್ಗಿಸಿದಳು. ತನ್ನ ಎರಡು ಕೈಗಳು ಅರ್ಧ ಮುಷ್ಟಿ ಹಿಡಿದು, ಒಂದರ ಹಿಂದೆ ಒಂದು, ಮೊಳ ಮೊಳವಾಗಿ, ಬರಿಯ ಗಾಳಿಯನ್ನು ಕೆಳಗೆ ಬಿಡುತ್ತಿದ್ದವು.

ತಳದಲ್ಲಿ ಪೆಟ್ಟಿಗೆ ಮೆಲ್ಲಗೆ ಸದ್ದು ಮಾಡಿ ಕೂತಿತು. ಎಂಟು ಹಗ್ಗಗಳೂ ಸಡಿಲವಾದವು. ಎಂಟೂ ಜನ ಕೈಬಿಟ್ಟರು. ಉಷಾಳ ಕೈಗಳು ಮಾತ್ರ ಇನ್ನೂ ಇಳಿಸುತ್ತಲೇ ಇದ್ದವು.